ಗೋಡೆಯ ಮೇಲಿನ ಊರು

(ಬಾನುಲಿ ಭಾಷಣ)

ನಮ್ಮ ಮನೆಗಳಲ್ಲಿ ಗೋಡೆ ಬರಿದಾಗಿದ್ದ ಕಾಲ ಕಡಿಮೆ. ಸುಣ್ಣ ಬಳಿದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಅಂಚು, ನಡುಮನೆಯಲ್ಲಿ ತೊಲೆಯ ಕೆಳಗೆ ಸಾಲಾಗಿ, ಕೊಂಚ ಮುಂದಕ್ಕೆ ಬಾಗಿದಂತೆ ತೂಗುಹಾಕಿದ ದೇವರ ಪಟಗಳು ಇದ್ದರೆ ಅದು ತುಂಬಿದ ಮನೆ ಎನ್ನಿಸಿಕೊಳ್ಳುತ್ತಿತ್ತು. 1894ರಲ್ಲಿ ರಾಜಾ ರವಿವರ್ಮನ ಕಲ್ಲಚ್ಚಿನ ಮುದ್ರಣಾಲಯ ಮುಂಬಯಿಯಲ್ಲಿ ಆರಂಭವಾದ ಮೇಲೆ, ಅರಮನೆಗಳಲ್ಲಿ ತೈಲವರ್ಣದಲ್ಲಿದ್ದ ಲಕ್ಷ್ಮೀ ಸರಸ್ವತಿಯರು ಕೆಲವು ಆಣೆಗಳ ಬೆಲೆಗೆ ಸಾಮಾನ್ಯರ ಮನೆಗೂ ದಯಮಾಡಿಸಿದರು. ದೇವರ ಪಟಗಳ ಪಕ್ಕದಲ್ಲಿ ಹಿರಿಯರ ಭಾವಚಿತ್ರಗಳು, ಅವುಗಳ ಪಕ್ಕದಲ್ಲಿ ಜವಳಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು. ಬಹುಕಾಲ ನಮ್ಮ ಗೃಹಾಲಂಕಾರದ ಕ್ರಮ ಇಷ್ಟೇ ಆಗಿತ್ತು.

ಈಚೆಗೆ ಪಟ್ಟಣದ ಮನೆಗಳಲ್ಲಿ, ವೈದ್ಯರು ವಕೀಲರು ತಮ್ಮನ್ನು ಕಾಣಬಂದವರನ್ನು ಕೂರಿಸುವ ಕೋಣೆಗಳಲ್ಲಿ, ಹೋಟೆಲುಗಳ ಹಜಾರಗಳಲ್ಲಿ, ಬೇರೊಂದು ಬಗೆಯ ಚಿತ್ರ ಕಾಣಿಸಿಕೊಳ್ಳುತ್ತಿದೆ. ಅದು ಹಳೆಯ ಊರಿನ ಚಿತ್ರ. ತೆಳುವಾದ ಬಣ್ಣದಲ್ಲಿ ಬೆಂಗಳೂರಿನ ಕೋಟೆಯ ದೆಹಲಿ ಬಾಗಿಲು, ಸಾವನದುರ್ಗದ ಬಂಡೆ, ಕಾವೇರಿಯ ಆಚೆ ದಡದಿಂದ ಕಂಡ ಶ್ರೀರಂಗಪಟ್ಟಣ. ಅಥವಾ ದೇಶದ ಗಡಿಯನ್ನೂ ದಾಟಿ, ನೀರಿನ ಮೇಲೆ ತೇಲುವಂತಿರುವ ವೆನಿಸ್ ನಗರ. ಇವು ಮೂಲಚಿತ್ರಗಳಲ್ಲ, ಅಚ್ಚಿನ ಪ್ರತಿಗಳು. ಅಂಗಡಿಯಿಂದ ತಂದು, ಗಾಜು ಕೂರಿಸಿ, ಕಟ್ಟು ಹಾಕಿಸಿ, ಸೋಫಾದ ಮೇಲ್ಗಡೆ ಮೊಳೆ ಹೊಡೆದು ತೂಗುಹಾಕಿದವು. ನೋಡಲು ಹಿತವಾಗಿರುತ್ತವೆ, ಮನೆಗೆ ಒಂದು ಗಾಂಭೀರ್ಯವನ್ನೂ ತರುತ್ತವೆ. ಆದರೆ ಊರೊಂದರ ಚಿತ್ರವೆಂದರೆ ಬರಿಯ ಅಲಂಕಾರವೆ? ಯಾರು ಬರೆದರು, ಯಾರಿಗಾಗಿ ಬರೆದರು, ಏನನ್ನು ತೋರಿಸಿದರು, ಏನನ್ನು ಬಿಟ್ಟರು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಹೊರಟರೆ ಐದು ಶತಮಾನಗಳ ಒಂದು ಸ್ವಾರಸ್ಯವಾದ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಕನ್ನಡದ ಓದುಗರಿಗೆ ಊರಿನ ವರ್ಣನೆ ಹೊಸದಲ್ಲ. ಮಹಾಕಾವ್ಯಕ್ಕೆ ಬೇಕಾದ ಅಷ್ಟಾದಶ ವರ್ಣನೆಗಳಲ್ಲಿ ಪುರವರ್ಣನೆಯೂ ಒಂದು. ಆದರೆ ನಮ್ಮ ಕವಿಗಳ ಪುರಗಳು ಹೆಚ್ಚಾಗಿ ಒಂದನ್ನೊಂದು ಹೋಲುತ್ತವೆ. ಮುಗಿಲು ಮುಟ್ಟುವ ಕೋಟೆ, ತಾವರೆ ತುಂಬಿದ ಅಗಳು, ರತ್ನದ ರಾಶಿಯ ಅಂಗಡಿ ಬೀದಿ, ಸೌಧದ ಮೇಲೆ ನಿಂತ ಸುಂದರಿಯರು. ಕಾವ್ಯದಿಂದ ಪುರದ ಹೆಸರೊಂದನ್ನು ತೆಗೆದುಬಿಟ್ಟರೆ ಅದು ಅಯೋಧ್ಯೆಯೋ ಹಸ್ತಿನಾವತಿಯೋ ಹೇಳುವುದು ಕಷ್ಟ. ಇದು ಕವಿಗಳ ದೋಷವಲ್ಲ. ಅವರು ಬಯಸಿದ್ದು ಊರು ಹೇಗಿರಬೇಕು ಎಂಬುದನ್ನೇ ಹೊರತು, ಊರು ಹೇಗಿದೆ ಎಂಬುದನ್ನಲ್ಲ. ಈ ಊರು ಹೀಗಿದೆ, ಈ ಗೋಪುರದ ಎಡಕ್ಕೆ ಈ ಮನೆಯಿದೆ, ಈ ಮನೆಗೆ ಇಷ್ಟು ಕಿಟಕಿಗಳಿವೆ ಎಂದು ಎಣಿಸಿ ಹೇಳುವ ಆಸೆ ಬೇರೆ ಬಗೆಯದು. ಯುರೋಪಿನಲ್ಲಿ ಈ ಆಸೆಯ ಆರಂಭದ ದಿನಗಳಲ್ಲೇ ಹುಟ್ಟಿದ ಒಂದು ಮಹಾಕೃತಿ ಉಂಟು. ಅದು ಹುಟ್ಟಿದ್ದು ಅಚ್ಚಿನ ಪ್ರತಿಯಾಗಿಯೇ ಎಂಬುದು ಗಮನಿಸಬೇಕಾದ ಮಾತು.

1500ರಲ್ಲಿ ಜಾಕೋಪೊ ದೆ ಬಾರ್ಬಾರಿ ಎಂಬ ಕಲಾವಿದನು ವೆನಿಸ್ ನಗರವನ್ನು ಹಕ್ಕಿಯ ಕಣ್ಣಿಗೆ ಕಂಡಂತೆ ಆರು ಮರದ ಹಲಗೆಗಳ ಮೇಲೆ ಕೊರೆಯಿಸಿದನು. ಆರು ಹಾಳೆಗಳನ್ನು ಜೋಡಿಸಿದರೆ ಸುಮಾರು ಎರಡು ಮುಕ್ಕಾಲು ಮೀಟರು ಅಗಲದ ಚಿತ್ರ. ಪ್ರಕಟಿಸಿದವನು ಆಂಟನ್ ಕೋಲ್ಬ್ ಎಂಬ ಜರ್ಮನ್ ವ್ಯಾಪಾರಿ. ಮೂರು ವರ್ಷದ ದುಡಿಮೆಯ ಫಲ ಇದು, ಇದನ್ನು ಬೇರೆಯವರು ನಕಲು ಮಾಡಬಾರದು, ಒಂದೊಂದು ಪ್ರತಿಯನ್ನು ಮೂರು ಡುಕಾಟಿಗೆ ಮಾರಲು ತನಗೆ ಅನುಮತಿ ಬೇಕು ಎಂದು ಅವನು ಗಣರಾಜ್ಯಕ್ಕೆ ಅರ್ಜಿ ಹಾಕಿಕೊಂಡನು. ಆಗಿನ್ನೂ ವಿಮಾನವಿಲ್ಲ, ಬೆಲೂನೂ ಇಲ್ಲ. ಗಂಟೆಗೋಪುರಗಳ ಮೇಲೆ ಹತ್ತಿ ಕಂಡದ್ದನ್ನೆಲ್ಲ ಕೂಡಿಸಿ, ಮನುಷ್ಯರಾರೂ ಕಂಡಿರದ ಎತ್ತರದಿಂದ ಒಂದು ನಗರವನ್ನು ಕಲ್ಪಿಸಿದ ಸಾಹಸ ಅದು. ತನ್ನ ಊರನ್ನು ಇಡಿಯಾಗಿ ಗೋಡೆಯ ಮೇಲೆ ನೋಡಬೇಕೆಂಬ ಹಂಬಲಕ್ಕೆ ಬೆಲೆ ಕಟ್ಟಿದ ವ್ಯಾಪಾರ ಅಲ್ಲಿ ಕಣ್ಣಿಗೆ ಬೀಳುತ್ತದೆ.

ಮುಂದಿನ ಶತಮಾನದಲ್ಲಿ ಈ ಹಂಬಲ ಹಾಲೆಂಡಿನ ಸಾಮಾನ್ಯ ಗೃಹಸ್ಥನಿಗೂ ತಗುಲಿತು. 1640ರಲ್ಲಿ ಆಮ್‌ಸ್ಟರ್‌ಡಾಮಿಗೆ ಹೋಗಿದ್ದ ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ, ಅಲ್ಲಿ ರೊಟ್ಟಿ ಸುಡುವವನ ಅಂಗಡಿಯಲ್ಲಿಯೂ ಕಮ್ಮಾರನ ಕುಲುಮೆಯ ಪಕ್ಕದಲ್ಲಿಯೂ ಚಿತ್ರಗಳಿರುವುದನ್ನು ಕಂಡು ಬೆರಗಿನಿಂದ ಬರೆದಿಟ್ಟಿದ್ದಾನೆ. ಅರಸನೂ ಇಲ್ಲದ, ಚರ್ಚಿನ ಗೋಡೆಗಳ ಮೇಲೆ ಚಿತ್ರವೂ ಬೇಡವಾದ ಆ ನಾಡಿನಲ್ಲಿ ಚಿತ್ರಕಾರನಿಗೆ ಮನೆಯವರೇ ಆಶ್ರಯದಾತರು. ಅವರು ಕೊಂಡದ್ದು ತಮ್ಮದೇ ಕಾಲುವೆ, ತಮ್ಮದೇ ಸಂತೆಮಾಳ, ತಮ್ಮದೇ ಚರ್ಚಿನ ಗೋಪುರ. ಆ ಸಾಲಿನಲ್ಲಿ ಎಲ್ಲಕ್ಕೂ ಹೆಸರಾದುದು ವರ್ಮೀರನು 1660ರ ಸುಮಾರಿಗೆ ಬರೆದ ಡೆಲ್ಫ್ಟ್ ನಗರದ ನೋಟ. ಮಳೆ ಬಂದು ನಿಂತಂತಿರುವ ಬೆಳಗು, ನೀರಿನಲ್ಲಿ ಕೋಟೆಬಾಗಿಲಿನ ನೆರಳು, ಹಿಂದೆ ಬಿಸಿಲು ಬಿದ್ದ ಚಾವಣಿಗಳು. ಆ ಊರಿನಲ್ಲಿ 1654ರ ಅಕ್ಟೋಬರಿನಲ್ಲಿ ಮದ್ದಿನ ಮನೆ ಸ್ಫೋಟಗೊಂಡು ನಗರದ ದೊಡ್ಡದೊಂದು ಭಾಗವೇ ನೆಲಸಮವಾಗಿತ್ತು ಎಂಬುದನ್ನು ನೆನೆದರೆ, ಚಿತ್ರದ ಆ ಶಾಂತಿಗೆ ಬೇರೆಯದೇ ಅರ್ಥ ಬರುತ್ತದೆ. ಊರು ಅಳಿಯಬಲ್ಲದು ಎಂದು ಕಣ್ಣಾರೆ ಕಂಡವರ ನಡುವೆ ಹುಟ್ಟಿದ ಚಿತ್ರ ಅದು.

ನಗರದೃಶ್ಯವನ್ನು ಒಂದು ಉದ್ಯಮವನ್ನಾಗಿ ಬೆಳೆಸಿದ ಕೀರ್ತಿ ಮಾತ್ರ ಹದಿನೆಂಟನೆಯ ಶತಮಾನದ ವೆನಿಸ್ಸಿಗೆ ಸಲ್ಲಬೇಕು. ಜೊವಾನಿ ಅಂತೋನಿಯೊ ಕನಾಲ್, ಜಗತ್ತಿಗೆ ಪರಿಚಿತವಾದ ಹೆಸರಿನಲ್ಲಿ ಕನಲೆತ್ತೊ, ಹುಟ್ಟಿದ್ದು 1697ರಲ್ಲಿ. ತಂದೆ ನಾಟಕಶಾಲೆಗಳಿಗೆ ಪರದೆ ಬರೆಯುವವನು. ಮಗನೂ ಮೊದಲು ಕಲಿತದ್ದು ಅದೇ ಕಸಬನ್ನು. ರಂಗದ ಪರದೆಯ ಮೇಲೆ ಬೀದಿಯೊಂದು ಆಳವಾಗಿ ಹಿಂದಕ್ಕೆ ಸರಿಯುವಂತೆ ತೋರಿಸುವ ಜಾಣ್ಮೆ ಅವನ ಕೈಗೆ ಹೀಗೆ ಬಂತು. ಆ ಕಾಲದಲ್ಲಿ ಇಂಗ್ಲೆಂಡಿನ ಶ್ರೀಮಂತರ ಮಕ್ಕಳು ವಿದ್ಯಾಭ್ಯಾಸದ ಕಡೆಯ ಮೆಟ್ಟಿಲಾಗಿ ಇಟಲಿಗೆ ದೀರ್ಘ ಪ್ರವಾಸ ಹೋಗುವ ವಾಡಿಕೆಯಿತ್ತು. ನಮ್ಮವರು ಕಾಶಿಗೆ ಹೋದರೆ ಗಂಗಾಜಲದ ತಂಬಿಗೆ ತರುವಂತೆ ಅವರು ವೆನಿಸ್ಸಿನಿಂದ ಒಂದು ಕನಲೆತ್ತೊ ತರುತ್ತಿದ್ದರು. ಒಂದೇ ಏಕೆ? ಮುಂದೆ ಬೆಡ್‌ಫರ್ಡಿನ ನಾಲ್ಕನೆಯ ಡ್ಯೂಕ್ ಆದ ಪ್ರಭುವೊಬ್ಬನು 1730ರ ದಶಕದಲ್ಲಿ ಇಪ್ಪತ್ತನಾಲ್ಕು ಚಿತ್ರಗಳನ್ನು ಬರೆಯಿಸಿದನು. ಇಂಗ್ಲೆಂಡಿನ ಮಂಜು ಮುಸುಕಿದ ಮನೆಯೊಳಗೆ ಕುಳಿತು ನಾಲ್ಕು ಕಡೆಯೂ ವೆನಿಸ್ಸಿನ ಬಿಸಿಲನ್ನು ನೋಡುವ ಭೋಗ ಅದು.

ಈ ವ್ಯಾಪಾರದ ಸೂತ್ರಧಾರ ಜೋಸೆಫ್ ಸ್ಮಿತ್ ಎಂಬ ಇಂಗ್ಲಿಷ್ ವರ್ತಕ. 1744ರಿಂದ ವೆನಿಸ್ಸಿನಲ್ಲಿ ಬ್ರಿಟನ್ನಿನ ಕಾನ್ಸಲ್ ಆಗಿದ್ದವನು. ಮೂಲಚಿತ್ರ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲವೆಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು. ಕನಲೆತ್ತೊ ಬರೆದ ಚಿತ್ರಗಳಲ್ಲಿ ಹದಿನಾಲ್ಕನ್ನು ಅಂತೋನಿಯೊ ವಿಸೆಂತೀನಿ ತಾಮ್ರದ ತಗಡಿನ ಮೇಲೆ ಕೊರೆದನು. 1735ರಲ್ಲಿ ಅವು ಪುಸ್ತಕವಾಗಿ ಹೊರಬಂದವು. 1742ರ ಆವೃತ್ತಿಯ ಹೊತ್ತಿಗೆ ಅವುಗಳ ಸಂಖ್ಯೆ ಮೂವತ್ತೆಂಟಕ್ಕೆ ಏರಿತ್ತು. ಈ ಅಚ್ಚಿನ ಪ್ರತಿಗಳು ಬಡವರ ಪಾಲಿನ ಕನಲೆತ್ತೊಗಳಾದವು, ಸಿರಿವಂತರಿಗೆ ಮಾದರಿಯ ಪುಟಗಳೂ ಆದವು. ಇಂದು ನಾವು ಅಂಗಡಿಯಲ್ಲಿ ಕೊಳ್ಳುವ ಪ್ರತಿಯ ಹುಟ್ಟನ್ನು ಇಲ್ಲಿ ಕಾಣಬಹುದು. 1762ರಲ್ಲಿ ಸ್ಮಿತ್ ತನ್ನ ಸಂಗ್ರಹವನ್ನೆಲ್ಲ ಮೂರನೆಯ ಜಾರ್ಜ್ ದೊರೆಗೆ ಮಾರಿದನು. ಇದರಿಂದ ವೆನಿಸ್ಸನ್ನು ಅತ್ಯಂತ ಚೆನ್ನಾಗಿ ತೋರಿಸುವ ಚಿತ್ರಗಳಲ್ಲಿ ಬಹುಪಾಲು ವೆನಿಸ್ಸಿನಲ್ಲಿ ಉಳಿಯಲಿಲ್ಲ.

ಕನಲೆತ್ತೊನ ಚಿತ್ರ ನಿಜವೆ? ಮೇಲುನೋಟಕ್ಕೆ ಅಷ್ಟು ನಿಖರವಾದ ಚಿತ್ರ ಮತ್ತೊಂದಿಲ್ಲ. ಆದರೆ ಆತ ಅಗತ್ಯ ಕಂಡಲ್ಲಿ ಕಟ್ಟಡವನ್ನು ಪಕ್ಕಕ್ಕೆ ಸರಿಸುತ್ತಿದ್ದನು. ಕಾಲುವೆಯ ಬಾಗನ್ನು ನೇರಗೊಳಿಸುತ್ತಿದ್ದನು. ಎರಡು ಕಡೆ ನಿಂತು ಕಂಡ ನೋಟಗಳನ್ನು ಒಂದೇ ಚಿತ್ರದಲ್ಲಿ ಬೆಸೆಯುತ್ತಿದ್ದನು. ಒಮ್ಮೆಯಂತೂ ರಿಯಾಲ್ತೊ ಸೇತುವೆ ಇರುವ ಜಾಗದಲ್ಲಿ ಪಲ್ಲಾದಿಯೊ ಎಂಬ ವಾಸ್ತುಶಿಲ್ಪಿ ಯೋಜಿಸಿದ್ದ, ಎಂದೂ ಕಟ್ಟದೆ ಉಳಿದ ಸೇತುವೆಯನ್ನು ಬರೆದುಬಿಟ್ಟನು. ಪುರವರ್ಣನೆಯ ಕವಿ ಚಿತ್ರಕಾರನ ಒಳಗೂ ಅಡಗಿದ್ದ ಎನ್ನಬೇಕು. ಆದರೂ ಸಣ್ಣ ವಿವರಗಳಲ್ಲಿ ಅವನ ಕಣ್ಣು ತಪ್ಪುತ್ತಿರಲಿಲ್ಲ. ಕಾಲುವೆಯ ನೀರು ಉಬ್ಬರದಲ್ಲಿ ಏರಿ ಇಳಿಯುವಾಗ ಗೋಡೆಗಳ ಮೇಲೆ ಪಾಚಿಯ ಹಸುರು ಗೆರೆಯೊಂದು ಉಳಿಯುತ್ತದೆ. ಅವನೂ ಅವನ ಸೋದರಳಿಯನೂ ಆ ಗೆರೆಯನ್ನೂ ಇದ್ದಲ್ಲಿಯೇ ಬರೆದರು. ನಮ್ಮ ಕಾಲದ ಇಟಲಿಯ ವಿಜ್ಞಾನಿಗಳು ಚಿತ್ರದ ಗೆರೆಯನ್ನು ಇಂದಿನ ಗೆರೆಯೊಡನೆ ಹೋಲಿಸಿ, ಆಗಿನಿಂದ ಈಚೆಗೆ ವೆನಿಸ್ ನೀರಿಗೆ ಅರ್ಧ ಮೀಟರಿಗೂ ಹೆಚ್ಚು ಇಳಿದಿದೆಯೆಂದು ಲೆಕ್ಕ ಹಾಕಿದ್ದಾರೆ. ಪ್ರಭುಗಳ ಊಟದ ಮನೆಯ ಅಲಂಕಾರಕ್ಕೆಂದು ಬರೆದ ಚಿತ್ರ ಮುಳುಗುತ್ತಿರುವ ಊರಿನ ಅಳತೆಗೋಲಾಯಿತು.

ಆ ಸೋದರಳಿಯನ ಹೆಸರು ಬೆರ್ನಾರ್ದೊ ಬೆಲ್ಲೊತ್ತೊ. ಮಾವನ ಹೆಸರಿನ ಬಲದಿಂದ ಅವನೂ ತನ್ನನ್ನು ಕನಲೆತ್ತೊ ಎಂದೇ ಕರೆದುಕೊಳ್ಳುತ್ತಿದ್ದನು. ವೆನಿಸ್ ಬಿಟ್ಟು 1747ರಲ್ಲಿ ಡ್ರೆಸ್ಡೆನ್ ಸೇರಿ ಅಲ್ಲಿಯ ಆಸ್ಥಾನದ ಚಿತ್ರಕಾರನಾದನು. 1760ರಲ್ಲಿ ಪ್ರಷ್ಯದ ಫಿರಂಗಿಗಳು ಆ ನಗರವನ್ನು ಹೊಡೆದಾಗ ಒಡೆದುಬಿದ್ದ ಚರ್ಚನ್ನೂ, ಅದರ ಕಲ್ಲು ಹೊರುವ ಕೂಲಿಗಳನ್ನೂ ಅದೇ ನಿಷ್ಠೆಯಿಂದ ಬರೆದನು. 1767ರಲ್ಲಿ ರಷ್ಯಕ್ಕೆ ಹೊರಟವನು ದಾರಿಯಲ್ಲಿ ವಾರ್ಸಾದಲ್ಲಿ ತಂಗಿದನು. ಪೋಲೆಂಡಿನ ದೊರೆ ಸ್ತಾನಿಸ್ಲಾವ್ ಔಗುಸ್ತ್ ಅವನನ್ನು ಅಲ್ಲಿಯೇ ಉಳಿಸಿಕೊಂಡನು. 1780ರಲ್ಲಿ ಸಾಯುವವರೆಗೆ ಅವನು ವಾರ್ಸಾದ ಬೀದಿಗಳನ್ನು ಬರೆದನು. ಹೀಗೆ ಬರೆದ ಇಪ್ಪತ್ತಾರು ಚಿತ್ರಗಳು ಅರಮನೆಯ ಒಂದು ಕೋಣೆಯನ್ನು ಅಲಂಕರಿಸಿದವು. ಬೀದಿಯ ಕೆಸರು, ಕುದುರೆಗಾಡಿ, ತರಕಾರಿ ಮಾರುವವರು, ಭಿಕ್ಷುಕರು, ಅರ್ಧ ಕಟ್ಟಿದ ಮನೆ ಯಾವುದನ್ನೂ ಅವನು ಬಿಡಲಿಲ್ಲ.

ಆ ರಾಜ್ಯ ಉಳಿಯಲಿಲ್ಲ. 1795ರ ಹೊತ್ತಿಗೆ ನೆರೆಯ ಮೂರು ಶಕ್ತಿಗಳು ಪೋಲೆಂಡನ್ನು ಪೂರ್ತಿಯಾಗಿ ಹಂಚಿಕೊಂಡವು. ಚಿತ್ರಗಳು ರಷ್ಯಕ್ಕೆ ಹೋದವು. ಪೋಲೆಂಡ್ ಮತ್ತೆ ಸ್ವತಂತ್ರವಾದ ಮೇಲೆ 1922ರಲ್ಲಿ ಮರಳಿ ಬಂದವು. 1939ರಲ್ಲಿ ಜರ್ಮನರು ಮತ್ತೆ ಕೊಂಡೊಯ್ದರು. 1944ರ ಆಗಸ್ಟ್ 1ರಂದು ವಾರ್ಸಾದ ಜನ ದಂಗೆ ಎದ್ದರು. ಅರವತ್ತಮೂರು ದಿನ ಹೋರಾಡಿ ಸೋತರು. ಆಮೇಲೆ ನಡೆದದ್ದು ಯುದ್ಧವಲ್ಲ. ಗೆದ್ದವರು ಬೀದಿ ಬೀದಿಗೆ ಬೆಂಕಿಯಿಟ್ಟು, ಸಿಡಿಮದ್ದು ಇಟ್ಟು, ಊರನ್ನು ಕ್ರಮವಾಗಿ ಅಳಿಸಿದರು. ಅರಮನೆಯನ್ನು ಸಿಡಿಸಿಹಾಕಿದರು. 1945ರ ಜನವರಿಯ ವೇಳೆಗೆ ನಗರದ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಭಾಗ ಇಟ್ಟಿಗೆಯ ರಾಶಿಯಾಗಿತ್ತು.

ಹಾಳಾದ ಊರನ್ನು ಬಿಟ್ಟು ರಾಜಧಾನಿಯನ್ನೇ ಬೇರೆಡೆಗೆ ಒಯ್ಯಬೇಕೆಂಬ ಮಾತೂ ಆಗ ಹುಟ್ಟಿತ್ತು. ಆದರೆ ಜನ ಇಟ್ಟಿಗೆ ಆಯತೊಡಗಿದರು. ಹಳೆಯ ಊರನ್ನು ಅದು ಇದ್ದಂತೆಯೇ ಕಟ್ಟಬೇಕೆಂದು ನಿರ್ಧಾರವಾಯಿತು. ಇದ್ದಂತೆ ಎಂದರೆ ಹೇಗೆ? ಅಲ್ಲಿಯ ಪಾಲಿಟೆಕ್ನಿಕ್ಕಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಯುದ್ಧಕ್ಕೆ ಮೊದಲು ಹಳೆಯ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆದಿದ್ದರು. ಅವನ್ನು ಪ್ರಾಣದ ಹಂಗು ತೊರೆದು ಬಚ್ಚಿಟ್ಟು ಉಳಿಸಿದ್ದರು. ಛಾಯಾಚಿತ್ರಗಳಿದ್ದವು. ಇವುಗಳ ಜೊತೆಗೆ, ಯುದ್ಧ ಮುಗಿದ ಮೇಲೆ ಮರಳಿ ದೊರೆತ ಬೆಲ್ಲೊತ್ತೊನ ಚಿತ್ರಗಳಿದ್ದವು. ಮಿಯೊದೋವಾ ಬೀದಿಯಲ್ಲಿ, ರಾಜಬೀದಿಯಲ್ಲಿ, ಮುಂಭಾಗ ಹೇಗಿತ್ತು, ಕಂಬದ ಮೇಲೆ ಯಾವ ಶಿಲ್ಪವಿತ್ತು, ಕಿಟಕಿಯ ಮೇಲಿನ ಕಮಾನು ಎಂಥದು ಎಂದು ತಿಳಿಯಲು ವಾಸ್ತುಶಿಲ್ಪಿಗಳು ಅವುಗಳ ಮುಂದೆ ನಿಂತರು. ಹತ್ತೊಂಬತ್ತನೆಯ ಶತಮಾನದಲ್ಲಿ ಸೇರಿಸಿದ್ದ ಅಂತಸ್ತುಗಳನ್ನು ಎಷ್ಟೋ ಕಡೆ ಕೈಬಿಟ್ಟು, ಚಿತ್ರದಲ್ಲಿ ಕಂಡ ಹದಿನೆಂಟನೆಯ ಶತಮಾನದ ರೂಪವನ್ನೇ ಕಟ್ಟಿದರು. 1953ರಲ್ಲಿ ಹಳೆಯ ಪೇಟೆಯ ಚೌಕ ಮತ್ತೆ ತೆರೆಯಿತು. ಜನರ ವಂತಿಗೆಯಿಂದ ಕಟ್ಟಿದ ಅರಮನೆ 1984ರಲ್ಲಿ ಬಾಗಿಲು ತೆರೆಯಿತು. ಉಳಿದ ಚಿತ್ರಗಳು ತಮ್ಮ ಕೋಣೆಗೆ ಬಂದು ಸೇರಿದವು. ಅದಕ್ಕೂ ಮೊದಲು, 1980ರಲ್ಲಿ, ಯುನೆಸ್ಕೊ ಸಂಸ್ಥೆ ಈ ಹೊಸ ಹಳೆಯೂರನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತ್ತು.

ಊರನ್ನು ನೋಡಿ ಚಿತ್ರ ಬರೆಯುವುದು ಲೋಕರೂಢಿ. ಚಿತ್ರವನ್ನು ನೋಡಿ ಊರು ಕಟ್ಟಿದ್ದು ವಾರ್ಸಾದ ವಿಶೇಷ. ಇಲ್ಲಿ ಒಂದು ತೊಡಕೂ ಉಂಟು. ಬೆಲ್ಲೊತ್ತೊ ಕೂಡ ತನ್ನ ಮಾವನ ಶಿಷ್ಯನೇ. ಕೆಲವು ಕಡೆ ಕಟ್ಟಡವನ್ನು ಅದು ಇದ್ದುದಕ್ಕಿಂತ ಚೆಲುವಾಗಿ ಬರೆದಿದ್ದನು. ಚಿತ್ರಕಾರನ ಆ ಕಲ್ಪನೆಯೂ ಒಮ್ಮೊಮ್ಮೆ ಇಟ್ಟಿಗೆ ಗಾರೆಯಾಗಿ ನಿಂತಿತು. ಹಿಂದೆ ಎಂದೂ ಇರದ ಅಂದವನ್ನು ಊರು ಚಿತ್ರದಿಂದ ಸಾಲ ಪಡೆಯಿತು. ಇದನ್ನು ಸುಳ್ಳೆಂದು ಹಳಿಯುವವರಿದ್ದಾರೆ. ಆದರೆ ತಾವು ಇದ್ದೆವೆಂಬುದರ ಗುರುತೇ ಇಲ್ಲದಂತೆ ಅಳಿಸಿಹಾಕಲು ಬಂದವರ ಎದುರಿಗೆ, ಇಲ್ಲ, ನಾವು ಇದ್ದೆವು, ಹೀಗಿದ್ದೆವು ಎಂದು ಹೇಳಲು ಒಂದು ಜನಾಂಗಕ್ಕೆ ಆ ಚಿತ್ರಗಳು ಬಾಯಿ ಕೊಟ್ಟವು. ಇಂದು ವಾರ್ಸಾದ ಸಾಮಾನ್ಯ ಮನೆಯೊಂದರಲ್ಲಿ ಬೆಲ್ಲೊತ್ತೊನ ಪ್ರತಿ ತೂಗುತ್ತಿದ್ದರೆ ಅದಕ್ಕೆ ಅಲಂಕಾರಕ್ಕಿಂತ ಮಿಗಿಲಾದ ಅರ್ಥವಿದೆ.

ಇನ್ನು ನಮ್ಮ ನಾಡಿನತ್ತ ತಿರುಗೋಣ. ಬೆಲ್ಲೊತ್ತೊ ಸತ್ತ ಆರು ವರ್ಷಕ್ಕೆ, 1786ರಲ್ಲಿ, ಥಾಮಸ್ ಡೇನಿಯಲ್ ಎಂಬ ಆಂಗ್ಲ ಚಿತ್ರಕಾರನು ತನ್ನ ಅಣ್ಣನ ಮಗ ವಿಲಿಯಮ್‌ನೊಡನೆ ಕಲ್ಕತ್ತೆಗೆ ಬಂದಿಳಿದನು. ವಿಲಿಯಮ್ ಆಗಿನ್ನೂ ಹದಿನಾರು ಹದಿನೇಳರ ಹುಡುಗ. ಕಲ್ಕತ್ತೆಯ ಹನ್ನೆರಡು ದೃಶ್ಯಗಳನ್ನು ಅವರು ಅಲ್ಲಿಯೇ ಅಚ್ಚುಮಾಡಿದರು. ಬಳಸಿದ್ದು ಅಕ್ವಾಟಿಂಟ್ ಎಂಬ ವಿಧಾನ. ತಾಮ್ರದ ತಗಡಿನ ಮೇಲೆ ರಾಳದ ಪುಡಿಯನ್ನು ತೆಳ್ಳಗೆ ಉದುರಿಸಿ ಕಾಯಿಸಿದರೆ ಕಣಗಳು ಅಂಟಿಕೊಳ್ಳುತ್ತವೆ. ಆಮ್ಲದಲ್ಲಿ ಅದ್ದಿದರೆ ಕಣಗಳ ನಡುವಣ ಜಾಗವಷ್ಟೇ ತಿಂದುಹೋಗುತ್ತದೆ. ಮಸಿ ಹಚ್ಚಿ ಒತ್ತಿದಾಗ ನೀರುಬಣ್ಣ ಹರಡಿದಂತಹ ನವುರಾದ ನೆರಳು ಕಾಗದದ ಮೇಲೆ ಮೂಡುತ್ತದೆ. ಬಣ್ಣವನ್ನು ಆಮೇಲೆ ಕೈಯಿಂದ ತುಂಬುತ್ತಿದ್ದರು. ಪರದೇಶದಲ್ಲಿ ಸಲಕರಣೆಯಿಲ್ಲದೆ, ಚಿತ್ರಕಾರ, ಕೊರೆಯುವವ, ತಾಮ್ರದ ಕೆಲಸದವ, ಮುದ್ರಕ ಎಲ್ಲವೂ ತಾನೇ ಆಗಬೇಕಾಯಿತೆಂದು ಥಾಮಸ್ ಗೆಳೆಯನಿಗೆ ಬರೆದುಕೊಂಡನು. ಹಳೆಯ ಕೋರ್ಟ್ ಹೌಸಿನ ಕಟ್ಟಡವನ್ನು ಅವರು ಅಚ್ಚಿಗೆ ಇಳಿಸಿದ ಕೆಲವೇ ವರ್ಷಗಳಲ್ಲಿ, 1792ರಲ್ಲಿ, ಅದನ್ನು ಕೆಡವಲಾಯಿತು. ಅದರ ರೂಪವನ್ನು ನಾವು ಕಾಣುವುದು ಇಂಥ ಹಾಳೆಗಳಿಂದ.

ಚಿಕ್ಕಪ್ಪ ಮತ್ತು ಮಗ ಉತ್ತರದಲ್ಲಿ ಹಿಮಾಲಯದ ಮಗ್ಗುಲವರೆಗೂ, ದಕ್ಷಿಣದಲ್ಲಿ ಕನ್ಯಾಕುಮಾರಿಯ ಕಡೆಗೂ ತಿರುಗಿ, 1794ರಲ್ಲಿ ಇಂಗ್ಲೆಂಡಿಗೆ ಮರಳಿದರು. 1795ರಿಂದ 1808ರವರೆಗೆ ನೂರನಲವತ್ತನಾಲ್ಕು ಅಕ್ವಾಟಿಂಟುಗಳು ಭಾಗ ಭಾಗವಾಗಿ ಪ್ರಕಟವಾದವು. ಅವುಗಳ ಪ್ರಭಾವ ಎಲ್ಲಿಯವರೆಗೆ ಹೋಯಿತೆಂದರೆ, 1807ರಲ್ಲಿ ಫ್ರಾನ್ಸಿನ ಅಲ್ಸೇಸ್ ಪ್ರಾಂತದ ಜ್ಯೂಬರ್ ಕಾರ್ಖಾನೆ ಅವನ್ನು ಆಧರಿಸಿ ‘ಹಿಂದೂಸ್ಥಾನ’ ಎಂಬ ಗೋಡೆಕಾಗದವನ್ನೇ ಮಾಡಿತು. ಇಪ್ಪತ್ತು ಉದ್ದನೆಯ ಹಾಳೆಗಳು, ಸಾವಿರಕ್ಕೂ ಮೇಲ್ಪಟ್ಟು ಮರದ ಅಚ್ಚುಗಳು. ಹಾಳೆಗಳನ್ನು ಸಾಲಾಗಿ ಅಂಟಿಸಿದರೆ ಕೋಣೆಯ ಸುತ್ತ ಭಾರತ ಹಬ್ಬಿಕೊಳ್ಳುತ್ತಿತ್ತು. ಅಲ್ಲಿ ನಮ್ಮ ಮಸೀದಿ, ಮಂಟಪ, ಘಟ್ಟಗಳು ಊರಿನ ಹೆಸರನ್ನು ಕಳೆದುಕೊಂಡು ಒಂದರ ಪಕ್ಕ ಒಂದು ಬೆರೆತು ನಿಂತವು. ಸ್ಥಳದಲ್ಲಿ ಕುಳಿತು ಅಳೆದು ಬರೆದ ಚಿತ್ರ ಗೋಡೆಯ ಕಾಗದವಾಗುವ ಹೊತ್ತಿಗೆ ಕನಸಾಗಿ ಮಾರ್ಪಟ್ಟಿತ್ತು.

ಕನ್ನಡ ನಾಡಿನ ಊರುಗಳು ಈ ಬಗೆಯ ಚಿತ್ರಗಳಿಗೆ ಸಿಕ್ಕಿದ್ದು ಪ್ರವಾಸಿಗಳ ಮೂಲಕವಲ್ಲ, ದಂಡಿನ ಮೂಲಕ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯ 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆಯನ್ನು, 21ರ ರಾತ್ರಿ ಕೋಟೆಯನ್ನು ಹಿಡಿಯಿತು. ಆ ದಂಡಿನೊಡನೆ ಬಂದ ಚಿತ್ರಕಾರ ರಾಬರ್ಟ್ ಹೋಮ್. ಅವನ ಮೈಸೂರು ಸೀಮೆಯ ದೃಶ್ಯಗಳ ಪುಸ್ತಕ 1794ರಲ್ಲಿ ಪ್ರಕಟವಾಯಿತು. ಅದೇ ಕಾಲಕ್ಕೆ ಅಲೆಗ್ಸಾಂಡರ್ ಅಲನ್, ಕೋಲ್‌ಬ್ರೂಕ್ ಎಂಬ ಸೇನಾಧಿಕಾರಿಗಳು ಬರೆದ ದೃಶ್ಯಗಳೂ ಹೊರಬಂದವು. ಫಿರಂಗಿ ದಳದ ಜೇಮ್ಸ್ ಹಂಟರ್ 1792ರಲ್ಲಿ ತೀರಿಕೊಂಡನು. ಅವನ ಚಿತ್ರಗಳು 1804–05ರಲ್ಲಿ ಲಂಡನ್ನಿನಲ್ಲಿ ನಲವತ್ತು ಬಣ್ಣದ ಅಕ್ವಾಟಿಂಟುಗಳಾದವು. ಈಗ ಬೆಂಗಳೂರಿನ ಮನೆಗಳಲ್ಲಿ ತೂಗುವ ಹಳೆಯ ಬೆಂಗಳೂರಿನ ಚಿತ್ರಗಳಲ್ಲಿ ಹೆಚ್ಚಿನವು ಇವರ ಕೈಯಿಂದ ಬಂದವು.

ಇವು ಅಮೂಲ್ಯವಾದವು. ಅದರಲ್ಲಿ ಸಂದೇಹವಿಲ್ಲ. ಅಂದಿನ ಬೆಂಗಳೂರು ಕೋಟೆಯಲ್ಲಿ ಇಂದು ಉಳಿದಿರುವುದು ದೆಹಲಿ ಬಾಗಿಲೂ ಅದರ ಆಸುಪಾಸಿನ ಒಂದಿಷ್ಟು ಗೋಡೆಯೂ ಮಾತ್ರ. ಮಿಕ್ಕದ್ದು ರಸ್ತೆಗೆ, ಆಸ್ಪತ್ರೆಗೆ, ಮಾರುಕಟ್ಟೆಗೆ ಎಡೆಗೊಟ್ಟು ಮರೆಯಾಯಿತು. ಆ ಕೋಟೆಯ ವಿಸ್ತಾರ, ಅದರೊಳಗೆ ಟಿಪ್ಪುವಿನ ಅರಮನೆ ನಿಂತಿದ್ದ ಬಗೆ, ಬೀದಿಯಿಂದ ಅದರತ್ತ ನಡೆದುಹೋದರೆ ಏನು ಕಾಣುತ್ತಿತ್ತು ಎಂಬುದನ್ನು ಕಣ್ಣಿಗೆ ಕಟ್ಟುವಂತೆ ತಿಳಿಸುವವು ಈ ಹಾಳೆಗಳೇ.

ಆದರೆ ಅವುಗಳ ನೋಟ ಎಲ್ಲಿಂದ ಹೊರಟಿದೆ ಎಂಬುದನ್ನು ಮರೆಯಬಾರದು. ದಂಡಿನವನ ಕಣ್ಣು ಕೋಟೆ, ಬುರುಜು, ಬಾಗಿಲು, ಬೆಟ್ಟಗಳ ಮೇಲೆ ನೆಡುತ್ತದೆ. ಹತ್ತಬಹುದಾದ ಇಳಿಜಾರು ಯಾವುದು, ಒಡೆಯಬಹುದಾದ ಗೋಡೆ ಯಾವುದು ಎಂದು ಅಳೆಯುತ್ತದೆ. ಆ ಕಾಲದ ಇಂಗ್ಲೆಂಡಿನಲ್ಲಿ ಪಾಳುಬಿದ್ದದ್ದೇ ಚಿತ್ರಯೋಗ್ಯ ಎಂಬ ಅಭಿರುಚಿಯೂ ಬೆಳೆದಿತ್ತು. ಆದ್ದರಿಂದ ಮುಂದುಗಡೆ ಒಂದು ಓರೆಯಾದ ಮರ, ನಡುವೆ ಕೆಲವು ಸಣ್ಣ ಆಕೃತಿಗಳು, ಹಿಂದೆ ಮಂಜಿನಲ್ಲಿ ಕರಗುವ ದುರ್ಗ. ಅಷ್ಟೂ ಸೊಗಸೇ. ಆದರೆ ಅರಳೆಪೇಟೆ, ಅಕ್ಕಿಪೇಟೆ, ಬಳೆಪೇಟೆ, ತರಗುಪೇಟೆಗಳ ಊರು ಎಲ್ಲಿ? ಮಗ್ಗದ ಸದ್ದು, ಎತ್ತಿನ ಸಾಲು, ಗಾಣದ ಮನೆ, ಲೆಕ್ಕ ಬರೆಯುವ ಶ್ಯಾನುಭೋಗ ಎಲ್ಲಿ? ಮೊನ್ನೆ ಮೊನ್ನೆ ಲೂಟಿಯಾದ ಪೇಟೆಯ ಜನರ ಮುಖ ಆ ಚಿತ್ರಗಳಲ್ಲಿ ನಮಗೆ ಕಾಣಸಿಗುವುದು ಅಪರೂಪ.

ಶ್ರೀರಂಗಪಟ್ಟಣದ ಮಾತು ಇನ್ನೂ ಸ್ಪಷ್ಟ. 1792ರ ಫೆಬ್ರವರಿಯಲ್ಲಿ ಮುತ್ತಿಗೆಯ ಸೈನ್ಯ ದ್ವೀಪವನ್ನು ಹಿಡಿಯಿತೇ ಹೊರತು ಕೋಟೆಯನ್ನು ಹೊಗಲಿಲ್ಲ. ಆದ್ದರಿಂದ ಹೋಮನ ಶ್ರೀರಂಗಪಟ್ಟಣ ಹೊರಗೆ ನಿಂತು ಕಂಡ ಊರು. ಅಲ್ಲಿ ಹುಟ್ಟಿ ಬೆಳೆದವನು ಕಂಡ ಊರಲ್ಲ. ದ್ವೀಪದ ಪೂರ್ವಕ್ಕಿದ್ದ ಲಾಲ್‌ಬಾಗಿನ ತೋಟವನ್ನು ಆ ಚಿತ್ರಗಳ ಪುಸ್ತಕಗಳು ಬಾಯ್ತುಂಬ ಹೊಗಳುತ್ತವೆ. ಆ ತೋಟದ ಮರಗಳನ್ನು ಕಡಿದು ಮುತ್ತಿಗೆಯ ಕಂದಕಗಳಿಗೆ ಬೇಕಾದ ಕಟ್ಟುಗಳನ್ನು ಮಾಡಿಕೊಂಡವರೂ ಅದೇ ದಂಡಿನವರೇ. ಹೋಮನ ಪುಸ್ತಕದಲ್ಲಿ ಪ್ರತಿಯೊಂದು ಚಿತ್ರದ ಜೊತೆಗೆ ಅದರ ಚರಿತ್ರೆಯೂ ಅಚ್ಚಾಗಿತ್ತು. ಯಾವ ದಿನ, ಯಾವ ದುರ್ಗ, ಹೇಗೆ ಬಿತ್ತು ಎಂದು ಕೊಂಡವನಿಗೆ ತಿಳಿಯುತ್ತಿತ್ತು. ಚಿತ್ರಗಳು ಪುಸ್ತಕದಿಂದ ಕಿತ್ತು ಬಿಡಿಹಾಳೆಗಳಾದಾಗ ಆ ಬರಹ ಉದುರಿಹೋಯಿತು. ನಮಗೆ ಉಳಿದದ್ದು ಬರಿಯ ಸೊಗಸು. ಸೋತ ಊರಿನ ಮಕ್ಕಳು, ಗೆದ್ದವನು ಕಂಡ ನೋಟವನ್ನು, ಅದು ಗೆದ್ದವನ ನೋಟವೆಂಬ ಅರಿವೇ ಇಲ್ಲದೆ, ನಮ್ಮ ಹಳೆಯ ಊರೆಂದು ಕಟ್ಟು ಹಾಕಿಸಿಕೊಳ್ಳುವ ವಿಚಿತ್ರ ಹೀಗೆ ಉಂಟಾಯಿತು.

ನಮ್ಮವರೇ ನಮ್ಮ ಊರನ್ನು ಕಂಡದ್ದಿಲ್ಲವೆ? ಉಂಟು. ಮೈಸೂರು ಅರಮನೆಯ ಕಲ್ಯಾಣಮಂಟಪದ ಗೋಡೆಗಳನ್ನು ನೋಡಬೇಕು. 1930ರ ದಸರಾ ಮೆರವಣಿಗೆಯನ್ನು ಛಾಯಾಚಿತ್ರಗಳ ಆಧಾರದಿಂದ ಮೈಸೂರಿನ ಚಿತ್ರಕಾರರೇ ಅಲ್ಲಿ ಇಪ್ಪತ್ತಾರು ಫಲಕಗಳಲ್ಲಿ ಬರೆದಿದ್ದಾರೆ. ಆನೆ, ಅಂಬಾರಿ, ಕುದುರೆ ಸವಾರರ ಹಿಂದೆ ಊರಿನ ಬೀದಿಗಳಿವೆ, ಕಟ್ಟಡಗಳಿವೆ, ಮೇಲೆ ಕೆಳಗೆ ಕಿಕ್ಕಿರಿದ ಜನರಿದ್ದಾರೆ. ರುಮಾಲಿನ ಬಗೆಗಳನ್ನು ನೋಡಿಯೇ ಯಾರು ಎಲ್ಲಿಯವರೆಂದು ಹೇಳಬಹುದು. ಅದು ರಾಜವೈಭವದ ಚಿತ್ರವೆಂಬುದು ನಿಜ; ಅದಕ್ಕೂ ಅದರದೇ ಆದ ಮರೆಮಾಚುವಿಕೆ ಇದ್ದೇ ಇದೆ. ಆದರೆ ನೋಡುವ ಕಣ್ಣು ಊರಿನ ಒಳಗೆ, ಬೀದಿಯ ಬದಿಯಲ್ಲಿ, ಜನರ ನಡುವೆ ನಿಂತಿದೆ. ಹಂಟರನ ಬೆಂಗಳೂರನ್ನೂ ಈ ಮೈಸೂರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಹೊರಗಿನ ನೋಟ, ಒಳಗಿನ ನೋಟ ಎಂಬ ಮಾತಿನ ಅರ್ಥ ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ.

ಹಾಗಾದರೆ ಈ ಚಿತ್ರಗಳನ್ನು ಗೋಡೆಯಿಂದ ಇಳಿಸಬೇಕೆ? ಖಂಡಿತ ಬೇಡ. ಇಳಿಸಿದರೆ ನಮಗಿರುವ ಸಾಕ್ಷಿಯನ್ನೇ ಕಳೆದುಕೊಂಡಂತೆ. ತೂಗುಹಾಕುವ ರೀತಿಯಲ್ಲಿ ಸ್ವಲ್ಪ ವಿವೇಕವಿದ್ದರೆ ಸಾಕು. ಮೊದಲನೆಯದಾಗಿ, ಚಿತ್ರದ ಕೆಳಗಿನ ಬರಹವನ್ನು ಕತ್ತರಿಸದೆ ಕಟ್ಟು ಹಾಕಿಸಬೇಕು. ಅಂದಕ್ಕೆ ಅಡ್ಡವೆಂದು ಊರಿನ ಹೆಸರು, ಚಿತ್ರಕಾರನ ಹೆಸರು, ವರ್ಷ ಇರುವ ಅಂಚನ್ನೇ ಕಟ್ಟಿನವರು ಮುಚ್ಚಿಬಿಡುವುದುಂಟು. ಬರಹವೇ ಇಲ್ಲದ ಪ್ರತಿಯಾದರೆ ನಾವೇ ಒಂದು ಚೀಟಿಯಲ್ಲಿ ಬರೆದು ಹಿಂಬದಿಗೆ ಅಂಟಿಸಬಹುದು: ಯಾರು ಬರೆದದ್ದು, ಯಾವಾಗ, ಎಲ್ಲಿ ನಿಂತು, ಯಾರಿಗಾಗಿ. ಎರಡನೆಯದಾಗಿ, ಒಂದೇ ಚಿತ್ರವನ್ನು ಒಂಟಿಯಾಗಿ ಹಾಕುವ ಬದಲು ಅದೇ ಸ್ಥಳದ ಬೇರೊಂದು ಕಾಲದ ನೋಟವನ್ನೂ ಪ‌ಕ್ಕದಲ್ಲಿ ಹಾಕಿದರೆ ಎರಡೂ ಒಂದರೊಡನೊಂದು ಮಾತಾಡುತ್ತವೆ. ದೆಹಲಿ ಬಾಗಿಲಿನ ಅಕ್ವಾಟಿಂಟಿನ ಜೊತೆಗೆ ಇಂದಿನ ಅದೇ ಬಾಗಿಲಿನ ಛಾಯಾಚಿತ್ರ ಇದ್ದರೆ ಮನೆಯ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಚರಿತ್ರೆಯ ಪಾಠವಿಲ್ಲ. ಮೂರನೆಯದು, ಇವು ಸೂರಿನ ಕೆಳಗೆ ತೂಗುವ ಪಟಗಳಲ್ಲ. ನಿಂತವರ ಕಣ್ಣಿನ ಮಟ್ಟಕ್ಕೆ, ನೇರ ಬಿಸಿಲು ಬೀಳದ, ಮಳೆಗಾಲದಲ್ಲಿ ಗೋಡೆ ಬೆವರದ ಜಾಗದಲ್ಲಿ ಇರಬೇಕು. ಬಿಸಿಲು ಬಣ್ಣವನ್ನು ತಿನ್ನುತ್ತದೆ. ತೇವ ಕಾಗದವನ್ನು ತಿನ್ನುತ್ತದೆ.

ಇದಕ್ಕಿಂತ ಮುಖ್ಯವಾದ ಮಾತೊಂದು ಉಳಿದಿದೆ. ವಾರ್ಸಾದವರಿಗೆ ಒಬ್ಬ ಬೆಲ್ಲೊತ್ತೊ ಇದ್ದನು. ಅದಕ್ಕೂ ಮಿಗಿಲಾಗಿ, ಟೇಪು ಹಿಡಿದು ಕಿಟಕಿ ಬಾಗಿಲು ಅಳೆದಿಟ್ಟ ವಿದ್ಯಾರ್ಥಿಗಳಿದ್ದರು. ನಮ್ಮ ಊರುಗಳು ಯಾವ ಶತ್ರುವಿನ ಮದ್ದೂ ಇಲ್ಲದೆ, ನಮ್ಮ ಕೈಯಿಂದಲೇ, ದಿನಕ್ಕೊಂದು ಮನೆಯಂತೆ ಕರಗುತ್ತಿವೆ. ಜಗುಲಿ, ಮರದ ಕಂಬ, ತೊಟ್ಟಿ, ಮಾಳಿಗೆಗಳ ಬೀದಿ ಕಣ್ಣೆದುರಿಗೇ ಮರೆಯಾಗುತ್ತದೆ. ಹೊಸ ಕಾಲಕ್ಕೆ ಹೊಸ ಮನೆ ಬೇಕು, ಅದನ್ನು ತಡೆಯಲಾಗದು. ಆದರೆ ಕೆಡಹುವ ಮುನ್ನ ಒಂದು ಚಿತ್ರ, ಒಂದು ಅಳತೆ, ಕೆಲವು ಛಾಯಾಚಿತ್ರ ಎಂಬಷ್ಟು ಋಣವನ್ನಾದರೂ ತೀರಿಸಬಹುದಲ್ಲವೆ? ಹಾಸನ, ಶಿರಸಿ, ಧಾರವಾಡ, ರಾಯಚೂರು ಎಂದು ಯಾವ ಊರನ್ನೇ ತೆಗೆದುಕೊಳ್ಳಿ, ಅಲ್ಲಿಯ ಒಂದು ಶಾಲೆಯ ಚಿತ್ರಕಲಾ ಮೇಷ್ಟ್ರು ಮಕ್ಕಳನ್ನು ವರ್ಷಕ್ಕೊಮ್ಮೆ ಹಳೆಯ ಬೀದಿಗೆ ಕರೆದೊಯ್ದು ಕಂಡದ್ದನ್ನು ಕಂಡಂತೆ ಬರೆಯಿಸಿದರೆ, ಐವತ್ತು ವರ್ಷದ ಮೇಲೆ ಆ ಕಾಗದಗಳಿಗೆ ಬೆಲೆ ಕಟ್ಟಲಾಗದು.

ಮನೆಯ ಗೋಡೆ ಅಷ್ಟು ವಿಶಾಲವಲ್ಲ. ಅಲ್ಲಿ ನಾವು ಏನನ್ನು ತೂಗುಹಾಕುತ್ತೇವೋ ಅದನ್ನೇ ನಮ್ಮ ಮಕ್ಕಳು ಬೆಳೆಯುವಾಗ ದಿನವೂ ಕಾಣುತ್ತಾರೆ. ಊರೆಂದರೆ ಅದು ಎಂದು ತಿಳಿಯುತ್ತಾರೆ. ಅಲ್ಲಿ ವೆನಿಸ್ ಇರಲಿ, ಡೆಲ್ಫ್ಟ್ ಇರಲಿ, ಹಂಟರನ ಬೆಂಗಳೂರೂ ಇರಲಿ. ಯಾರ ಕಣ್ಣಿನಿಂದ ಕಂಡ ಊರು ಅದು ಎಂಬ ತಿಳಿವು ಅವುಗಳ ಜೊತೆಗಿರಲಿ. ಅವುಗಳ ಪಕ್ಕದಲ್ಲಿ ನಮ್ಮ ಬೀದಿಯ ಚಿತ್ರವೊಂದಕ್ಕೂ ಒಂದು ಮೊಳೆಯ ಜಾಗ ಬಿಟ್ಟಿರೋಣ.